ಕಡಿಯಲೆಂದು ಕಟ್ಟಿದ ಹಾಯಿಕಂಬ

ಮಗಳ ಶಾಲೆಯವರು ಮಕ್ಕಳನ್ನು ಅಬುಧಾಬಿಯ ಗ್ರಂಥಾಲಯವೊಂದಕ್ಕೆ ಕರೆದುಕೊಂಡು ಹೋಗುತ್ತೇವೆ, ಜೊತೆಗೆ ಬರಲು ನಾಲ್ಕು ಜನ ಪೋಷಕರು ಬೇಕು ಎಂದಾಗ ನಾನು ಕೈ ಎತ್ತಬಾರದಿತ್ತು. ಅದು ಯಾವ ಗ್ರಂಥಾಲಯ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಒಂಬತ್ತು ವರ್ಷ ಅದರ ಹತ್ತಿರವೂ ಹೋಗದೆ ಜಾಗ್ರತೆಯಿಂದ ದೂರ ಉಳಿದವನು ನಾನು. ಆದರೂ ಆ ಶನಿವಾರ ಬೆಳಿಗ್ಗೆ ದುಬೈಯ ಊದ್ ಮೇಥಾದಿಂದ ಹೊರಟ ಬಸ್ಸಿನಲ್ಲಿ, ಮೂವತ್ತು ಮಕ್ಕಳ ಗಲಾಟೆಯ ನಡುವೆ, ಮೊದಲ ಸಾಲಿನಲ್ಲೇ ಹೋಗಿ ಕುಳಿತೆ.

ಗ್ರಂಥಾಲಯದ ಎರಡನೇ ಮಹಡಿಯ ಮೂಲೆಯಲ್ಲಿ ಆ ಪುಟ್ಟ ಮರದ ಹಡಗು ಇತ್ತು. ಒಬ್ಬಾತ ಗಾಜಿನ ಪೆಟ್ಟಿಗೆಯ ಬಾಗಿಲು ತೆರೆದು ಒಳಗಿನ ಧೂಳು ಒರೆಸುತ್ತಿದ್ದ. ತೆರೆದ ಬಾಗಿಲಿನಿಂದ ಜೇನುಮೇಣದ ವಾಸನೆ ಬಂತು. ಹಡಗಿನ ದಾರಕ್ಕೆ ಆ ಮೇಣ ಸವರಿದವನು ನಾನು. ವಾಸನೆಗೆ ಮೊದಲು ಎಚ್ಚರವಾದದ್ದು ನನ್ನ ಹಳೆಯ ಹೊಟ್ಟೆಕಿಚ್ಚು. ನೆನಪು ಬಂದದ್ದು ಆಮೇಲೆ.

ಆ ವರ್ಷ ನಾನು ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕ್‌ನ ಒಂದು ವರ್ಕ್‌ಶಾಪಿನಲ್ಲಿ ಹಡಗಿನ ಮಾದರಿಗಳನ್ನು ಮಾಡುತ್ತಿದ್ದೆ. ಹೋಟೆಲಿನ ಲಾಬಿಗೆ, ಕಂಪನಿಗಳ ಸ್ವಾಗತದ ಕೋಣೆಗೆ, ದೊಡ್ಡವರ ಮನೆಗಳಿಗೆ ಮರದ ಪುಟ್ಟ ಹಡಗುಗಳು. ನಾನು ಮಲ್ಪೆಯವನು, ಬಲೆ ಕಟ್ಟುವ ಮನೆಯಲ್ಲಿ ಹುಟ್ಟಿದವನು. ಮರದ ಕೆಲಸ ನನಗೆ ಒಂದು ಮಟ್ಟಿಗೆ ಬರುತ್ತಿತ್ತು, ಆದರೆ ಹಗ್ಗ ಮತ್ತು ಗಂಟಿನ ಕೆಲಸದಲ್ಲಿ ನನ್ನನ್ನು ಮೀರಿಸುವವರು ಅಲ್ಲಿ ಇರಲಿಲ್ಲ. ಎಂಟು ವರ್ಷ ದುಡಿದಿದ್ದೆ. ಫೋರ್‌ಮನ್ ಜೋಸೆಫ್ ಚೇಟ ಡಿಸೆಂಬರಿನಲ್ಲಿ ಕೆಲಸ ಬಿಟ್ಟು ಕೇರಳಕ್ಕೆ ಮರಳುವವರಿದ್ದರು. ಅವರ ಜಾಗಕ್ಕೆ ನಾನೇ ಎಂದು ಎಲ್ಲರೂ ಅಂದುಕೊಂಡಿದ್ದರು, ನನಗಂತೂ ಅನುಮಾನವೇ ಇರಲಿಲ್ಲ.

ಫೋರ್‌ಮನ್ ಅಂದರೆ ನನಗೆ ಒಂದೇ ಅರ್ಥ. ಫೋರ್‌ಮನ್ ಆದವನಿಗೆ ಫ್ಯಾಮಿಲಿ ವೀಸಾ ಸಿಗುವಷ್ಟು ಸಂಬಳ. ಪುಷ್ಪ ಮತ್ತು ನಾಲ್ಕು ವರ್ಷದ ಅನನ್ಯ ಊರಿನಲ್ಲಿದ್ದರು. ಮಗಳು ನನ್ನನ್ನು ಫೋನಿನ ಪರದೆಯ ಮೇಲೆ ಮಾತ್ರ ಗುರುತಿಸುತ್ತಿದ್ದಳು. ರಜೆಗೆ ಹೋದಾಗ ಎದುರಿಗೆ ನಿಂತ ನನ್ನನ್ನು ಬಿಟ್ಟು, ಪಪ್ಪ ಎಲ್ಲಿ ಎಂದು ಅಮ್ಮನ ಫೋನು ಹುಡುಕಿದ್ದಳು.

ಎಲ್ಲ ಸರಿಯಾಗಿಯೇ ಇತ್ತು, ಆದರೆ ನಡುವೆ ಇಲ್ಯಾಸ್ ಇದ್ದ. ಭಟ್ಕಳದವನು, ನವಾಯತಿ ಮನೆಮಾತಿನವನು, ನನಗಿಂತ ಹತ್ತು ವರ್ಷ ಚಿಕ್ಕವನು. ಬರ್ ದುಬೈಯಲ್ಲಿ ಅವನ ಚಿಕ್ಕಪ್ಪನ ಬಟ್ಟೆ ಅಂಗಡಿ ಇತ್ತು. ಅಲ್ಲಿ ಕೂರಲು ಮನಸ್ಸಿಲ್ಲದೆ ನಮ್ಮ ವರ್ಕ್‌ಶಾಪಿಗೆ ಬಂದು ಎರಡು ವರ್ಷವಾಗಿತ್ತು ಅಷ್ಟೇ. ಮರದ ಕೆಲಸವನ್ನು ಯಾರ ಹತ್ತಿರವೂ ಕಲಿತವನಲ್ಲ, ಆದರೆ ಅವನ ಕೈಗೆ ಸಿಕ್ಕಿದ ಸಾಗುವಾನಿ ಪಟ್ಟಿ ತಾನಾಗಿ ಬಾಗುತ್ತಿತ್ತು. ನಾನು ಆವಿ ಹಿಡಿದು, ಕ್ಲಾಂಪು ಹಾಕಿ, ದೇವರಿಗೆ ಕೈಮುಗಿದು ಬಾಗಿಸಿದ ಪಟ್ಟಿ ಮರುದಿನ ಸೀಳಿರುತ್ತಿತ್ತು. ಅರ್ಬಾಬ್, ಅಂದರೆ ನಮ್ಮ ಯಜಮಾನ, ಬಂದಾಗ ಇಲ್ಯಾಸ್ ಅರಬಿಯಲ್ಲಿ ನಾಲ್ಕು ಮಾತಾಡಿ ನಗಿಸುತ್ತಿದ್ದ. ನನಗೆ ಬರುತ್ತಿದ್ದ ಅರಬಿ ಯಲ್ಲಾ, ಖಲಾಸ್, ಮಾಫಿ ಇಷ್ಟೇ.

ಸಾಲದ್ದಕ್ಕೆ ಕಂಪನಿಯ ಕೋಣೆಯಲ್ಲಿ ನನ್ನ ಮಂಚದ ಕೆಳಗಿನ ಮಂಚ ಅವನದು. ಪ್ರತಿ ಶುಕ್ರವಾರ ಬರ್ ದುಬೈಗೆ ಹೋಗಿ ಚಿಕ್ಕಮ್ಮನ ಕೈಯ ಬಿರಿಯಾನಿ ಕಟ್ಟಿಸಿಕೊಂಡು ಬರುತ್ತಿದ್ದ, ಅರ್ಧ ನನಗೆ. ಈ ದೇಶದಲ್ಲಿ ಅವನಿಗೆ ಚಿಕ್ಕಮ್ಮ ಇದ್ದಾಳೆ, ಅವಳಿಗೆ ಈರುಳ್ಳಿಯನ್ನು ಅಷ್ಟು ಹದವಾಗಿ ಹುರಿಯಲು ಬರುತ್ತದೆ ಎಂಬುದೂ ನನ್ನ ಹೊಟ್ಟೆ ಉರಿಸುತ್ತಿತ್ತು. ಬಿರಿಯಾನಿಯ ಮೇಲೆ ನನಗೆ ಸಿಟ್ಟಿರಲಿಲ್ಲ. ತಿನ್ನುತ್ತಿದ್ದೆ.

ಜೂನ್ ತಿಂಗಳಲ್ಲಿ ಆ ಕೆಲಸ ಬಂತು. ತಂದವರು ಅಮೆರಿಕದ ನೌಕಾದಳದಲ್ಲಿ ದುಡಿದು, ನಿವೃತ್ತರಾಗಿ, ಅಬುಧಾಬಿಯ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಒಬ್ಬ ಮುದುಕರು. ನಾವು ಅವರನ್ನು ಕ್ಯಾಪ್ಟನ್ ಅಜ್ಜ ಎನ್ನುತ್ತಿದ್ದೆವು. ಕಾಲೇಜಿನ ಗ್ರಂಥಾಲಯಕ್ಕೆ ಕೊಡಲು ಅವರಿಗೆ ಒಂದು ದೃಶ್ಯ ಬೇಕಿತ್ತು: ಒಂದು ಬಂದರು, ಅದರಲ್ಲಿ ಸೆರೆಸಿಕ್ಕ ದೊಡ್ಡ ಯುದ್ಧದ ಹಡಗು, ಅದರತ್ತ ಮೆಲ್ಲನೆ ಬರುತ್ತಿರುವ ಒಂದು ಸಣ್ಣ ಹಾಯಿದೋಣಿ. ವರ್ಕ್‌ಶಾಪಿನ ನಡುಮೇಜಿಗೆ ಒರಗಿ ನಿಂತು ಅವರು ಆ ಕಥೆ ಹೇಳಿದರು. ಇಲ್ಯಾಸ್ ನಮ್ಮೆಲ್ಲರಿಗೆ ಹಿಂದಿಯಲ್ಲಿ ತಿರುಗಿಸಿ ಹೇಳಿದ, ಅಜ್ಜನಿಗಿಂತ ಚೆನ್ನಾಗಿ.

ಅವರ ದೇಶ ಸ್ವತಂತ್ರವಾದ ಹೊಸತು. ಖಜಾನೆ ಖಾಲಿ. ಇದ್ದಬದ್ದ ಯುದ್ಧದ ಹಡಗುಗಳನ್ನೆಲ್ಲ ಮಾರಿಬಿಟ್ಟಿದ್ದರು. ಆಫ್ರಿಕದ ಉತ್ತರ ತೀರದ ಕಡಲ್ಗಳ್ಳರು ಅವರ ಸರಕಿನ ಹಡಗುಗಳನ್ನು ಹಿಡಿದು ನಾವಿಕರನ್ನು ಸೆರೆಯಲ್ಲಿಟ್ಟರು. ಬಿಡಿಸಿಕೊಳ್ಳಲು ಕಪ್ಪ ಕೊಟ್ಟರು, ಮತ್ತೆ ಹಿಡಿದರು, ಮತ್ತೆ ಕೊಟ್ಟರು. ಕೊನೆಗೆ ಬೇಸತ್ತು ದೊಡ್ಡ ಹಡಗುಗಳನ್ನು ಕಟ್ಟಿಸಲು ಹೊರಟರು. ಕಳ್ಳರು ಕಾಡದಿದ್ದರೆ ನಮಗೆ ನೌಕಾದಳವೇ ಅಷ್ಟು ಬೇಗ ಹುಟ್ಟುತ್ತಿರಲಿಲ್ಲ ಎಂದರು ಅಜ್ಜ. ಹಾಗೆ ಕಟ್ಟಿದ ಹಡಗುಗಳಲ್ಲಿ ಒಂದು, ಒಂದು ಊರಿನ ಜನ ಚಂದಾ ಎತ್ತಿ ಕಟ್ಟಿಸಿಕೊಟ್ಟದ್ದು, ಶತ್ರುವಿನ ದೋಣಿಯನ್ನು ಅಟ್ಟಿಸಿಕೊಂಡು ಹೋಗಿ ಟ್ರಿಪೋಲಿಯ ಬಂದರಿನ ಹತ್ತಿರ ನೀರಿನಡಿಯ ಬಂಡೆಯ ಮೇಲೆ ಹತ್ತಿ ಕುಳಿತಿತು. ಅಲ್ಲಿನ ನೀರಿನ ಆಳ ಯಾರಿಗೂ ಗೊತ್ತಿರಲಿಲ್ಲ. ಮುನ್ನೂರು ಜನ ಸೆರೆಯಾದರು. ಎರಡು ದಿನದಲ್ಲಿ ಕಡಲು ಉಬ್ಬಿದಾಗ ಟ್ರಿಪೋಲಿಯವರು ಆ ಹಡಗನ್ನು ತೇಲಿಸಿ ತಮ್ಮ ಬಂದರಿಗೆ ಎಳೆದುಕೊಂಡು ಹೋದರು.

ದೊಡ್ಡ ಹಡಗಿದ್ದರೆ ಸಾಲದು, ಆಳವಿಲ್ಲದ ನೀರಿಗೆ ಸಣ್ಣ ದೋಣಿಯೂ, ಆ ನೀರನ್ನು ಬಲ್ಲವನೂ ಬೇಕು ಎಂದು ಅವರಿಗೆ ಆಗ ಅರಿವಾಯಿತಂತೆ. ಶತ್ರುವಿನಿಂದಲೇ ವಶಪಡಿಸಿಕೊಂಡಿದ್ದ ಒಂದು ದೋಣಿಯಲ್ಲಿ, ಅಲ್ಲಿನವರ ವೇಷದಲ್ಲಿ, ಅಲ್ಲಿನ ಮಾತು ಬಲ್ಲವನೊಬ್ಬನನ್ನು ಮುಂದೆ ನಿಲ್ಲಿಸಿ ಹೋದರು. ಬಿರುಗಾಳಿಯಲ್ಲಿ ಲಂಗರು ಕಳೆದುಕೊಂಡೆವು, ನಿಮ್ಮ ಹಡಗಿಗೆ ಕಟ್ಟಿಕೊಳ್ಳುತ್ತೇವೆ ಎಂದು ಆತ ಕೇಳಿದ. ಅವರು ಒಪ್ಪಿದರು. ಹತ್ತಿರ ಹೋದದ್ದೇ ತಡ ಮೇಲೆ ಹತ್ತಿ ತಮ್ಮ ಹಡಗಿಗೆ ತಾವೇ ಬೆಂಕಿ ಇಟ್ಟು ಬಂದರು.

ಉಳಿದವರು ಅಚ್ಚರಿಪಟ್ಟರು. ಬಿಡಿಸಿಕೊಂಡು ಬರಬಾರದಿತ್ತೇ, ಸುಡುವುದು ಯಾಕೆ ಎಂದರು ಜೋಸೆಫ್ ಚೇಟ. ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ. ನನಗಿಲ್ಲದ್ದು ನಿನಗೂ ಬೇಡ ಎನ್ನುವುದು ನನಗೆ ಮೊದಲ ಸಲಕ್ಕೇ ಅರ್ಥವಾಯಿತು.

ನಮ್ಮ ಅರ್ಬಾಬ್ ಒಂದೇ ಮಾತು ಹೇಳಿದ. ತನ್ನ ಅಜ್ಜಂದಿರ ಈ ತೀರವನ್ನೂ ಹಳೆಯ ಇಂಗ್ಲಿಷರ ನಕ್ಷೆಗಳಲ್ಲಿ ಕಡಲ್ಗಳ್ಳರ ತೀರ ಎಂದೇ ಬರೆದಿದ್ದರು, ಆದ್ದರಿಂದ ಬಂದರಿನ ಜನರ ಗೊಂಬೆಗಳಿಗೆ ರಾಕ್ಷಸರ ಮುಖ ಬೇಡ, ಮನುಷ್ಯರ ಮುಖ ಇರಲಿ ಎಂದ. ಆಮೇಲೆ ಕೆಲಸ ಹಂಚಿದ. ದೊಡ್ಡ ಹಡಗು ಇಲ್ಯಾಸನಿಗೆ. ಸಣ್ಣ ದೋಣಿ ನನಗೆ, ಜೊತೆಗೆ ಎರಡರ ಹಗ್ಗದ ಕೆಲಸವೂ ನನಗೆ. ಇದು ಚೆನ್ನಾಗಿ ಮುಗಿದರೆ ಹೊಸ ಫೋರ್‌ಮನ್ ಯಾರೆಂದು ಹೇಳುತ್ತೇನೆ ಎಂದ. ಎಂಟು ವರ್ಷದವನಿಗೆ ದೋಣಿ, ಎರಡು ವರ್ಷದವನಿಗೆ ಹಡಗು. ಆ ದಿನ ಮಧ್ಯಾಹ್ನ ನನಗೆ ಊಟ ಸೇರಲಿಲ್ಲ.

ಅಜ್ಜ ಬಿಟ್ಟುಹೋದ ಕಟ್ಟಿನಲ್ಲಿ ಹಡಗಿನ ನಕ್ಷೆಗಳೂ, ಕೈಬರಹದ ಎರಡು ಪುಟಗಳ ಕಾಗದವೂ ಇದ್ದವು. ಜೋಸೆಫ್ ಚೇಟರಿಗೆ ಕಣ್ಣಿನ ಪೊರೆ, ಕೈಬರಹ ಓದಲು ಆಗುತ್ತಿರಲಿಲ್ಲ. ಇದರಲ್ಲಿ ಹಗ್ಗದ ವಿಷಯ ಇರಬೇಕು ಎಂದು ಕಾಗದವನ್ನು ನನಗೆ ಕೊಟ್ಟು, ನಕ್ಷೆಗಳನ್ನು ಇಲ್ಯಾಸನಿಗೆ ಕೊಟ್ಟರು. ನಾನು ಒಂದೊಂದೇ ಪದ ಕೂಡಿಸಿಕೊಂಡು ಇಂಗ್ಲಿಷ್ ಓದುವವನು. ಎರಡನೇ ಪುಟದ ಕೆಳಗೆ ಬಂದಾಗ ಗೊತ್ತಾಯಿತು: ಬಂಡೆಗೆ ಹತ್ತಿದ ಹಡಗನ್ನು ಹಗುರ ಮಾಡಲೆಂದು ನಾವಿಕರು ಫಿರಂಗಿಗಳನ್ನು ನೀರಿಗೆ ತಳ್ಳಿ, ಮುಂದಿನ ಹಾಯಿಕಂಬವನ್ನೇ ಕಡಿದು ಹಾಕಿದ್ದರು. ಬಂದರಿನಲ್ಲಿ ನಿಂತಾಗ ಅದಕ್ಕೆ ಇದ್ದದ್ದು ಎರಡೇ ಕಂಬ, ಮುಂದೆ ಬರಿಯ ಮೋಟು.

ಇಲ್ಯಾಸನ ನಕ್ಷೆ ಹಡಗು ಹೊಸದಾಗಿ ಕಟ್ಟಿದಾಗಿನದು. ಅದರಲ್ಲಿ ಮೂರು ಕಂಬ.

ಮಲ್ಪೆಯ ದಡದಲ್ಲಿ ಬಲೆ ರಿಪೇರಿಗೆ ಸಾಲಾಗಿ ಕುಳಿತಾಗ ನನ್ನ ಅಪ್ಪ ಒಂದು ಕಟ್ಟಳೆ ಇಟ್ಟಿದ್ದರು. ಪಕ್ಕದವನ ಪಾಲಿನಲ್ಲಿ ಹರಿದ ಕಣ್ಣು ಕಂಡರೆ, ಅವನ ಜೊತೆ ಮಾತು ಬಿಟ್ಟಿದ್ದರೂ ಸರಿ, ಆ ಕ್ಷಣಕ್ಕೆ ಕೂಗಿ ಹೇಳಬೇಕು. ಯಾಕೆಂದರೆ ನೀರಿಗೆ ಇಳಿಯುವುದು ಇಡೀ ಬಲೆ. ಹೇಳದೆ ಕುಳಿತವನನ್ನು ಅಪ್ಪ ಮರುದಿನ ಕೆಲಸಕ್ಕೆ ಕರೆಯುತ್ತಿರಲಿಲ್ಲ. ಇದೆಲ್ಲ ನನಗೆ ನೆನಪಿತ್ತು. ಕಾಗದ ಮಡಚಿ ನನ್ನ ಡ್ರಾಯರಿನಲ್ಲಿ ಮೇಣದ ಡಬ್ಬಿಯ ಕೆಳಗೆ ಇಟ್ಟೆ. 

ಬೇಸಿಗೆ ಏರಿತು. ವರ್ಕ್‌ಶಾಪಿನ ಕಿಟಕಿಯ ಗಾಜಿನ ಹೊರಗೆ ತೇವ ನೀರಾಗಿ ಇಳಿಯುತ್ತಿತ್ತು. ಆಗಸ್ಟಿನಲ್ಲಿ ಎರಡು ದಿನ ಏಸಿ ಕೈಕೊಟ್ಟಾಗ ಅಂಟು ಒಣಗದೆ ಜಾರಿತು, ಮೇಣ ಹಚ್ಚಿದ ದಾರವೆಲ್ಲ ಬೆರಳಿಗೇ ಹತ್ತಿಕೊಂಡಿತು. ನನ್ನ ದೋಣಿ ಅಷ್ಟರಲ್ಲಿ ಮುಗಿದಿತ್ತು. ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಪಕ್ಕದ ಮೇಜಿನ ಮೇಲೆ ಇಲ್ಯಾಸನ ಹಡಗು ದಿನದಿನಕ್ಕೆ ಎದ್ದು ನಿಲ್ಲುತ್ತಿತ್ತು. ಬೇರೆ ವರ್ಕ್‌ಶಾಪುಗಳಿಂದ ಜನ ಚಹಾ ಹೊತ್ತಿಗೆ ಬಂದು ನೋಡಿ ಹೋಗುತ್ತಿದ್ದರು. ನನ್ನ ದೋಣಿಯನ್ನು ಅವರು ದಾಟಿಕೊಂಡು ಹೋಗಬೇಕಿತ್ತು, ದಾಟಿಕೊಂಡೇ ಹೋಗುತ್ತಿದ್ದರು.

ಸೆಪ್ಟೆಂಬರಿನಲ್ಲಿ ಅವನು ಮೂರೂ ಕಂಬ ನಿಲ್ಲಿಸಿದ. ಅವುಗಳಿಗೆ ಹಗ್ಗ ಕಟ್ಟುವ ಕೆಲಸ ನನ್ನದು. ನನ್ನ ಹೊಟ್ಟೆಕಿಚ್ಚು ನನ್ನನ್ನೇ ಹೇಗೆ ದುಡಿಸಿಕೊಂಡಿತು ನೋಡಿ. ಮುಂದಿನ ಕಂಬ ಅಲ್ಲಿ ಇರಬಾರದು ಎಂದು ಗೊತ್ತಿದ್ದ ಒಬ್ಬನೇ ಮನುಷ್ಯ ನಾನು, ಆ ಕಂಬಕ್ಕೆ ಮೂರು ವಾರ ಕುಳಿತು ಹಗ್ಗ ಕಟ್ಟಿದವನೂ ನಾನೇ. ಏಣಿಯ ಮೆಟ್ಟಿಲಿನಂಥ ಸಣ್ಣ ದಾರಗಳು, ಪ್ರತಿ ದಾರಕ್ಕೆ ಆರು ಗಂಟು. ಸಡಿಲವಾಗಿ ಕಟ್ಟಿ ಮುಗಿಸಬಹುದಿತ್ತು. ಆದರೆ ಇಲ್ಯಾಸ್ ಎರಡು ಸಲ ಬಂದು, ಸದಾನಂದಣ್ಣ ನಿಮ್ಮ ಗಂಟು ನೋಡುತ್ತಾ ಕೂತುಬಿಡುವ ಎನಿಸುತ್ತದೆ ಎಂದು ಹೊಗಳಿದ. ಆಮೇಲೆ ಸಡಿಲ ಕಟ್ಟಲು ಕೈ ಬರಲಿಲ್ಲ. ಇನ್ನೂ ಬಿಗಿಯಾಗಿ ಕಟ್ಟಿದೆ.

ಹೇಳಿಬಿಡೋಣ ಎನಿಸಿದ ದಿನಗಳೂ ಇದ್ದವು. ಒಂದು ಶುಕ್ರವಾರ ಬಿರಿಯಾನಿಯ ಪೊಟ್ಟಣ ಬಿಚ್ಚುತ್ತಾ ಬಾಯಿವರೆಗೆ ಬಂತು. ಅಷ್ಟರಲ್ಲಿ ಅವನು ತನ್ನ ಹೆಂಡತಿಗೆ ಫೋನು ಮಾಡಿ, ಫೋರ್‌ಮನ್ ಆದರೆ ನಿನ್ನನ್ನು ಕರೆಸಿಕೊಳ್ಳುತ್ತೇನೆ ಎನ್ನುವುದು ಕೇಳಿಸಿತು. ನವಾಯತಿ ನನಗೆ ಬರುವುದಿಲ್ಲ, ಆದರೆ ವೀಸಾ ಎಂಬ ಮಾತು ಎಲ್ಲ ಭಾಷೆಯಲ್ಲೂ ಒಂದೇ. ಅವನಿಗೆ ಮದುವೆಯಾಗಿ ಒಂದು ವರ್ಷ, ನನಗೆ ಆರು ವರ್ಷ, ಆರೂ ವರ್ಷ ಇಲ್ಲಿ ಒಂಟಿ. ಬಾಯಿಗೆ ಬಂದದ್ದನ್ನು ಬಿರಿಯಾನಿಯ ಜೊತೆ ನುಂಗಿದೆ.

ಡಿಸೆಂಬರಿನ ಮೊದಲ ವಾರ ಕ್ಯಾಪ್ಟನ್ ಅಜ್ಜ ನೋಡಲು ಬಂದರು. ಅಂದು ದಟ್ಟ ಮಂಜು, ಅಬುಧಾಬಿ ರಸ್ತೆಯಲ್ಲಿ ಗಾಡಿಗಳು ತೆವಳುತ್ತಿದ್ದವು. ಒಂಬತ್ತಕ್ಕೆ ಬರಬೇಕಾದವರು ಹನ್ನೊಂದಕ್ಕೆ ಬಂದರು. ಆ ಎರಡು ಗಂಟೆ ನಾನು ಮೂರು ಸಲ ಕೈ ತೊಳೆದೆ. ಅರ್ಬಾಬ್, ಜೋಸೆಫ್ ಚೇಟ, ನಾವಿಬ್ಬರು ಮೇಜಿನ ಸುತ್ತ ನಿಂತೆವು.

ಅಜ್ಜ ನನ್ನ ದೋಣಿಯ ಮುಂದೆ ಬಗ್ಗಿ, ಒಳಗೆ ಅವಿತು ಮಲಗಿದ್ದ ಗೊಂಬೆಗಳನ್ನು ನೋಡಿ ತಲೆಯಾಡಿಸಿದರು. ಆಮೇಲೆ ಹಡಗಿನ ಹತ್ತಿರ ಹೋದರು.  ಇಷ್ಟು ಚೆನ್ನಾದ ಹಡಗನ್ನು ತಾನು ನೋಡಿಲ್ಲ ಎಂದರು. ಆಮೇಲೆ, ಬಹಳ ಸಂಕೋಚದಿಂದ, ಆದರೆ ಈ ಮುಂದಿನ ಕಂಬ ಆಗ ಇರಲಿಲ್ಲವಲ್ಲ, ಕಾಗದದಲ್ಲಿ ಬರೆದಿದ್ದೆನಲ್ಲ ಎಂದರು.

ಜೋಸೆಫ್ ಚೇಟರ ಮುಖ ಬಿಳಿಚಿಕೊಂಡಿತು. ಅವರು ನನ್ನತ್ತ ತಿರುಗಿದರು. ಅರ್ಬಾಬ್ ಇಲ್ಯಾಸನತ್ತ ತಿರುಗಿದ. ಆರು ತಿಂಗಳಿನಿಂದ ನಾನು ಕಾಯುತ್ತಿದ್ದ ಗಳಿಗೆ ಅದು. ನಿಜ ಹೇಳಬೇಕೆಂದರೆ ಒಂದು ಕ್ಷಣ ಹಿತವಾಯಿತು.

ಇಲ್ಯಾಸ್ ಗಾಬರಿಯಾಗಲಿಲ್ಲ. ಮೇಜಿನ ಕೆಳಗಿನಿಂದ ಒಂದು ಬಟ್ಟೆಯ ಸುರುಳಿ ತೆಗೆದು ಬಿಚ್ಚಿದ. ಒಳಗೆ ಉಗುರಿನಷ್ಟು ಅಗಲದ ಹೊಸ ಉಳಿ, ಕೊಡಲಿಯ ಬಾಯಿಯ ಹಾಗೆ ಮಸೆದದ್ದು, ಮತ್ತು ಒಂದು ಬ್ಲೇಡು. ಅಜ್ಜನಿಗೆ ಇಂಗ್ಲಿಷಿನಲ್ಲಿ ಹೇಳಿದ: ಅವರು ಮೊದಲೇ ಎರಡು ಕಂಬದ ಹಡಗು ಕಟ್ಟಿರಲಿಲ್ಲ, ಹಗ್ಗ ಹಾಯಿ ಎಲ್ಲ ಇದ್ದ ಕಂಬವನ್ನು ಅವಸರದಲ್ಲಿ ಕಡಿದಿದ್ದರು, ನಾವೂ ಹಾಗೇ ಮಾಡೋಣ, ನಿಮ್ಮ ಎದುರಿಗೇ ಮಾಡೋಣ ಎಂದು ಬಿಟ್ಟಿದ್ದೆವು. ಬಿಟ್ಟಿದ್ದೆವು ಎಂದ. ನಾವು.

ಆಮೇಲೆ ಬ್ಲೇಡನ್ನು ನನ್ನ ಕೈಗೆ ಕೊಟ್ಟ.

"ಹಗ್ಗ ನೀವು ಕೊಯ್ಯಿರಿ ಅಣ್ಣ. ನಿಮ್ಮ ಗಂಟು ನಾನು ಮುಟ್ಟುವುದಿಲ್ಲ."

ಮೂರು ವಾರ ಕಟ್ಟಿದ್ದನ್ನು ಹತ್ತು ನಿಮಿಷದಲ್ಲಿ ನಾನೇ ಕೊಯ್ದೆ. ಕೈ ನಡುಗುತ್ತಿತ್ತು, ಕೊಯ್ತ ಒರಟೊರಟಾಗಿ ಬಿತ್ತು. ಅದೇ ಸರಿಯಾಯಿತು. ಅವನು ಉಳಿಯಿಂದ ಕಂಬದ ಬುಡಕ್ಕೆ ಓರೆಯಾಗಿ ನಾಲ್ಕು ಏಟು ಹಾಕಿದ, ಐದನೆಯದಕ್ಕೆ ಅದು ಪಕ್ಕಕ್ಕೆ ವಾಲಿ ಮೇಜಿನ ಮೇಲೆ ಬಿತ್ತು. ಸೀಳು ಎದ್ದ ಮೋಟು, ಅದರ ಸುತ್ತ ನನ್ನ ಹಗ್ಗಗಳ ತುದಿಗಳು ಜೋತು ನಿಂತವು. ಕ್ಯಾಪ್ಟನ್ ಅಜ್ಜ ಕನ್ನಡಕ ತೆಗೆದು ಒರೆಸಿಕೊಂಡರು. ಈಗ ಇದು ಸೋತ ಹಡಗು, ನಮ್ಮವರು ಕಲಿತದ್ದು ಇದರಿಂದ ಎಂದರು. ಅರ್ಬಾಬ್ ಅಲ್ಲೇ, ಆ ಕ್ಷಣವೇ, ಇಲ್ಯಾಸನ ಹೆಗಲ ಮೇಲೆ ಕೈ ಇಟ್ಟು ಹೊಸ ಫೋರ್‌ಮನ್ ಎಂದು ಕರೆದ.

ಸಂಜೆ ಕೋಣೆಯಲ್ಲಿ ಅವನು ಶೂ ಬಿಚ್ಚುತ್ತಿದ್ದಾಗ ನಾನು ಕೇಳಿದೆ.

"ನಿನಗೆ ಗೊತ್ತಿತ್ತಾ?"

"ಸೆಪ್ಟೆಂಬರಿನಲ್ಲಿ ಮೇಣ ಬೇಕಿತ್ತು, ನಿಮ್ಮ ಡ್ರಾಯರ್ ತೆಗೆದೆ. ನೀವು ಊಟಕ್ಕೆ ಹೋಗಿದ್ರಿ."

"ಮತ್ತೆ ಕೇಳ್ಲಿಲ್ಲ ಯಾಕೆ ಮಾರಾಯ?"

ಅವನು ಒಂದು ಶೂ ಕೈಯಲ್ಲೇ ಹಿಡಿದು ಯೋಚಿಸಿದ.

"ಮೊದ್ಲು ನೀವೇ ಹೇಳ್ತೀರಿ ಅಂತ ಕಾದೆ, ಅಣ್ಣ. ಆಮೇಲೆ ಕಂಬ ನಿಂತ ಮೇಲೆ ನೋಡಿದ್ರೆ, ಇಡೀ ಕಟ್ಟಿ ಕಡಿದ್ರೇ ಚಂದ ಅಂತ ಅನ್ನಿಸ್ತು. ಮತ್ತೆ ಆ ಕಾಗದದ ನೆನಪೇ ಆಗ್ಲಿಲ್ಲ ನನಗೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಜೋಸೆಫ್ ಚೇಟರಿಗೆ ಹೇಳಿಕೊಟ್ಟಿದ್ದರೆ ಅವನೂ ನನ್ನಂಥವನೇ ಎಂದು ಸಮಾಧಾನ ಆಗುತ್ತಿತ್ತು. ಆರು ತಿಂಗಳು ನಿದ್ದೆಗೆಟ್ಟು ನಾನು ಮಾಡಿದ ದ್ರೋಹ ಅವನಿಗೆ ನೆನಪೇ ಇರಲಿಲ್ಲ, ಅದೂ ಅವನ ಕೆಲಸಕ್ಕೆ ಒಂದು ಸಾಮಾನಾಗಿ ಹೋಯಿತು. ಆ ದಿನ ಅವನ ಕೈಗುಣದ ಮೇಲೆ ಇದ್ದ ಹೊಟ್ಟೆಕಿಚ್ಚು ಅವನ ಒಳ್ಳೆಯತನದ ಮೇಲೂ ಹತ್ತಿಕೊಂಡಿತು. ಕಡಿದ ಕಂಬವನ್ನು ಜೋಸೆಫ್ ಚೇಟ ಕಸಕ್ಕೆ ಹಾಕಿದ್ದರು. ನಾನು ಎತ್ತಿ ತಂದೆ. ಅದು ಈಗಲೂ ನನ್ನ ಡ್ರಾಯರಿನಲ್ಲಿ ಇದೆ.

ಇಲ್ಯಾಸ್ ಫೋರ್‌ಮನ್ ಆಗಿ ಒಂದು ವರ್ಷ ಕಳೆಯುವ ಮೊದಲೇ ಅಬುಧಾಬಿಯಲ್ಲಿ ಹಳೆಯ ಮರದ ದೋಣಿಗಳನ್ನು ದುರಸ್ತಿ ಮಾಡುವ ಕೆಲಸ ಸಿಕ್ಕಿ ಹೋದ. ಹೋಗುವಾಗ ಅರ್ಬಾಬನಿಗೆ ನನ್ನ ಹೆಸರು ಹೇಳಿ ಹೋದ. ಹಾಗೆ ನಾನು ಫೋರ್‌ಮನ್ ಆದೆ, ಪುಷ್ಪ ಮತ್ತು ಅನನ್ಯ ಬಂದರು. ವಿಮಾನ ನಿಲ್ದಾಣದಲ್ಲಿ ಮಗಳು ಈ ಸಲ ಫೋನು ಹುಡುಕಲಿಲ್ಲ, ಓಡಿ ಬಂದು ನನ್ನ ಕಾಲನ್ನು ತಬ್ಬಿಕೊಂಡಳು. ನನ್ನ ಜೀವನದ ಅತ್ಯಂತ ಸುಖದ ಗಳಿಗೆ ಅದು, ಅದೂ ಅವನು ಬಿಟ್ಟುಕೊಟ್ಟ ಜಾಗದಲ್ಲಿ ಸಿಕ್ಕಿದ್ದು. ವರ್ಷಕ್ಕೆರಡು ಸಲ ಅವನು ಹೆಂಡತಿ ಮಕ್ಕಳ ಜೊತೆ ಬಿರಿಯಾನಿಯ ಪಾತ್ರೆ ಹಿಡಿದು ಮನೆಗೆ ಬರುತ್ತಾನೆ. ಇಲ್ಯಾಸಣ್ಣನ ಹಾಗೆ ನೀವೂ ನಾಲ್ಕು ಮಾತಾಡಬಾರದಾ ಎಂದು ಪುಷ್ಪ ನನಗೆ ಹೇಳುತ್ತಾಳೆ. ಅನನ್ಯಳಿಗೆ ಅವನು ಇಲ್ಯಾಸ್ ಅಂಕಲ್, ಲೆಕ್ಕ ಬಿಡಿಸಲಾಗದಿದ್ದರೂ ಮೊದಲು ಫೋನು ಹೋಗುವುದು ಅವನಿಗೆ.

ಗ್ರಂಥಾಲಯದಲ್ಲಿ ಗಾಜು ಒರೆಸುವವನು ಬಾಗಿಲು ಮುಚ್ಚಿ ಹೋದ. ಅನನ್ಯ ಗೆಳತಿಯರನ್ನು ಬಿಟ್ಟು ನನ್ನ ಪಕ್ಕಕ್ಕೆ ಬಂದಳು. ಪೆಟ್ಟಿಗೆಯ ಕೆಳಗಿನ ಫಲಕದಲ್ಲಿ ಕಥೆ ಬರೆದಿತ್ತು, ಕೊಟ್ಟವರ ಹೆಸರಿತ್ತು, ಮಾಡಿದವರ ಹೆಸರಿರಲಿಲ್ಲ. ಇಂಥದ್ದನ್ನು ನಮ್ಮ ವರ್ಕ್‌ಶಾಪಿನಲ್ಲಿ ಮಾಡುತ್ತಿದ್ದೆವು ಎಂದು ಅವಳಿಗೆ ಗೊತ್ತಿತ್ತು. ಅವಳು ಗಾಜಿಗೆ ಮೂಗು ತಾಗಿಸಿ ಆ ಮೋಟು ಕಂಬವನ್ನೇ ನೋಡಿದಳು, ಜೋತ ಹಗ್ಗಗಳನ್ನು ನೋಡಿದಳು. ಸಣ್ಣ ದೋಣಿಯ ಮೇಲೆ ಅವಳ ಕಣ್ಣು ನಿಲ್ಲಲಿಲ್ಲ.

"ದಿಸ್ ಬ್ರೋಕನ್ ಒನ್ ಈಸ್ ಸೋ ಗುಡ್, ಪಪ್ಪಾ. ಇದರಲ್ಲಿ ನೀವು ಮಾಡಿದ್ದು ಯಾವ್ದು?"

ದೋಣಿ ಎನ್ನಬಹುದಿತ್ತು. ದೋಣಿ ಮತ್ತು ಎಲ್ಲ ಹಗ್ಗಗಳು ಎಂದು ಪೂರ್ತಿ ನಿಜವನ್ನೇ ಹೇಳಬಹುದಿತ್ತು.

"ದೊಡ್ಡದು," ಎಂದೆ.

ಅವಳ ಮುಖ ಅರಳಿತು. ನನ್ನನ್ನು ಹಡಗಿನ ಪಕ್ಕ ನಿಲ್ಲಿಸಿ ಫೋಟೋ ತೆಗೆದಳು. ನಾನು ಹೊಟ್ಟೆ ಒಳಗೆಳೆದುಕೊಂಡು ನಿಂತೆ. ಅವಳು ಏನೋ ಬರೆದು ಯಾರಿಗೋ ಕಳಿಸಿದಳು. ಯಾರಿಗೆ ಎಂದು ಕೇಳಿದೆ.

"ಇಲ್ಯಾಸ್ ಅಂಕಲ್‌ಗೆ. ಪಪ್ಪ ಇದನ್ನು ಮಾಡಿದ್ದಾರೆ ಅಂತ."

 ಅಳಿಸು ಎನ್ನಲು ಬಾಯಿ ತೆರೆದೆ, ಅಷ್ಟರಲ್ಲಿ ಅವನು ನೋಡಿದ್ದಾನೆ ಎಂಬ ಎರಡು ನೀಲಿ ಗುರುತು ಬಂದಾಗಿತ್ತು. ಒಂದು ನಿಮಿಷವೂ ಕಳೆಯಲಿಲ್ಲ, ಅವನ ಧ್ವನಿಯ ಸಂದೇಶ ಬಂತು. ಹಿಂದೆ ಯಾರೋ ಮರ ಉಜ್ಜುವ ಸದ್ದು ಕೇಳುತ್ತಿತ್ತು. ಅವನು ಒಂದಿಷ್ಟೂ ತಡವರಿಸಲಿಲ್ಲ.

"ಹೌದು ಮಗಾ, ನಿನ್ನ ಪಪ್ಪ ಮಾಡಿದ್ದೇ. ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಆ ಮುಂದಿನ ಕಂಬ ಉಂಟಲ್ಲ, ಅಷ್ಟು ಚಂದದ್ದನ್ನು ಕಡಿಯುವಾಗ ಅವರ ಕೈ ನಡುಗಿತ್ತು, ಕೇಳಿ ನೋಡು."

ಅನನ್ಯ ಅದನ್ನು ಎರಡು ಸಲ ಹಾಕಿ ಕೇಳಿದಳು. ಗೆಳತಿಯರನ್ನೂ ಕರೆದು ಕೇಳಿಸಿದಳು. ಅವರೆಲ್ಲ ನನ್ನ ಕೈಗಳನ್ನು ನೋಡಿದರು. ನಾನು ಹಡಗನ್ನು ನೋಡುತ್ತಾ ನಿಂತೆ. ಅಷ್ಟು ಸಣ್ಣ ಸುಳ್ಳನ್ನೂ ನನಗಿಂತ ಚೆನ್ನಾಗಿ ಅವನೇ ಹೇಳಿದ್ದ.